ಮರಕ್ಕೆ ಕಿವಿಯಿಟ್ಟವರು

ಬೆಳಗಿನ ಹೊತ್ತು ಅವರ ಬಲಗೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆಗಳ ಅಚ್ಚು ಬಿದ್ದಿರುತ್ತಿತ್ತು, ಚಾಪೆಯ ಮೇಲೆ ಮಲಗಿ ಎದ್ದವರಿಗೆ ಇರುತ್ತದಲ್ಲ, ಹಾಗೆ. ನಮ್ಮ ಅಡ್ವೆಂಚರ್ ಕ್ಯಾಂಪಿಗೆ ಹೊಸದಾಗಿ ಬಂದ ಹುಡುಗಿಯರು ಅದನ್ನು ನೋಡಿ, ಮ್ಯಾನೇಜರ್ ಸರ್ ಈಗಷ್ಟೇ ಹಾಸಿಗೆ ಬಿಟ್ಟು ಬಂದಿದ್ದಾರೆ ಎಂದುಕೊಂಡು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು ನಗುತ್ತಿದ್ದರು. ಅವರು ಎದ್ದು ಎಷ್ಟೋ ಹೊತ್ತಾಗಿರುತ್ತಿತ್ತು. ಆ ಗೆರೆಗಳು ತೆಂಗಿನ ಮರದವು. ನಾವು ಹಗ್ಗ ಕಟ್ಟುತ್ತಿದ್ದ ಒಂದೊಂದು ಮರದ ಹತ್ತಿರವೂ ಅವರು ಗಾಳಿ ಏಳುವುದಕ್ಕೆ ಮುಂಚೆ ಹೋಗಿ, ಅಂಗೈ ಊರಿ, ಕೆನ್ನೆ ಒತ್ತಿ, ಬಾಯಿ ಸ್ವಲ್ಪ ತೆರೆದುಕೊಂಡು ನಿಲ್ಲುತ್ತಿದ್ದರು.

"ಬಾಯಿ ತೆರೆದ್ರೆ ಕಿವಿ ದೊಡ್ಡದಾಗುತ್ತೆ ಮಿಸ್," ಎನ್ನುತ್ತಿದ್ದರು.

ಮೂತಿಹುಳ ಎಂದು ಒಂದಿದೆ, ಮರಕ್ಕೆ ಗಾಯವಾದ ಕಡೆ ಮೊಟ್ಟೆಯಿಡುತ್ತದೆ. ಅದರ ಮರಿಗಳು ತೆಂಗಿನ ಕಾಂಡದೊಳಗೆ ಸೇರಿಕೊಂಡು ತಿರುಳು ತಿನ್ನುತ್ತವೆ. ಹೊರಗಿನಿಂದ ಮರ ಹಸಿರಾಗಿಯೇ ಇರುತ್ತದೆ, ಕಾಯಿಯನ್ನೂ ಬಿಡುತ್ತಿರುತ್ತದೆ. ಆದರೆ ಒಳಗೆ ಅಗಿಯುವ ಸದ್ದು ಕಿವಿ ಇದ್ದವರಿಗೆ ಕೇಳಿಸುತ್ತದೆ. ಸದ್ದಿಲ್ಲದಿದ್ದರೆ ಅವರು ಮರದ ಬೆನ್ನು ತಟ್ಟಿ "ಗಟ್ಟಿ" ಎಂದು ಹೇಳಿ ಮುಂದಿನ ಮರಕ್ಕೆ ಹೋಗುತ್ತಿದ್ದರು. ಸದ್ದಿದ್ದರೆ ಏನೂ ಹೇಳುತ್ತಿರಲಿಲ್ಲ. ಬುಡದಲ್ಲಿ ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಆ ಮರಕ್ಕೆ ಆಮೇಲೆ ಯಾರೂ ಹಗ್ಗ ಕಟ್ಟುತ್ತಿರಲಿಲ್ಲ.

ಅವರು ತಿಪಟೂರಿನಲ್ಲಿ ತೀರಿಕೊಂಡರೆಂದು ಈಚೆಗೆ ಗೊತ್ತಾಯಿತು. ಆಗ ಕ್ಯಾಂಪಿಗೆ ಬಂದಿದ್ದ ಹುಡುಗಿಯೊಬ್ಬಳು, ಈಗ ತಾನೇ ಅಜ್ಜಿಯಾದವಳು, ಫೋನ್ ಮಾಡಿ, "ಮಿಸ್, ನಮ್ಮ ಹಗ್ಗದ ಮೇಷ್ಟ್ರು ಹೋಗ್ಬಿಟ್ರಂತೆ" ಎಂದಳು. ನಾನು "ಓ" ಎಂದೆ. ಈ ವಯಸ್ಸಿನಲ್ಲಿ ಇಂಥ ಸುದ್ದಿಗೆ ಬಾಯಿಂದ ಬರುವುದು ಅಷ್ಟೇ. ಫೋನ್ ಇಟ್ಟ ಮೇಲೆ ಮಾತ್ರ ಬಹಳ ಹೊತ್ತು ನನ್ನ ಮನೆಯ ಸದ್ದಿಲ್ಲದಿರುವಿಕೆ ನನಗೆ ಸಹಿಸಲಾಗಲಿಲ್ಲ. ಎದ್ದು ಹೋಗಿ ರೇಡಿಯೊ ಹಾಕಿದೆ.

ಹಗ್ಗದ ಮೇಷ್ಟ್ರು ಎಂದೇ ಆ ಸೀಮೆಗೆಲ್ಲ ಅವರು ಗೊತ್ತು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಆದ್ದರಿಂದ ಇಲ್ಲಿಯೂ ಹೆಸರು ಬೇಡ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮವರು ದನದ ಡಾಕ್ಟರು, ಚಿಕ್ಕನಾಯಕನಹಳ್ಳಿಗೆ ವರ್ಗವಾಗಿ ಬಂದೆವು. ಮೈಸೂರಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಬೆಳೆದು, ಪಿಯಾನೋ ಮತ್ತು ಎಂಬ್ರಾಯ್ಡರಿ ಕಲಿತವಳಿಗೆ ಅಲ್ಲಿ ಮಾಡುವ ಕೆಲಸವೇನಿತ್ತು? ಎತ್ತ ನೋಡಿದರೂ ತೆಂಗು. ಐ ಮಸ್ಟ್ ಸೇ, ಮೊದಲ ವರ್ಷ ಆ ತೋಟಗಳೊಳಗೆ ಒಬ್ಬಳೇ ನಡೆಯಲು ನನಗೆ ದಿಗಿಲು. ಅಷ್ಟೊಂದು ಮರಗಳು, ಕೈಗೆಟುಕುವ ಒಂದು ಕೊಂಬೆಯಿಲ್ಲ. ತಲೆಯೆತ್ತಿದರೆ ಎಲ್ಲೋ ಮೇಲೆ ಗರಿಗಳು ತಮ್ಮತಮ್ಮಲ್ಲೇ ಏನೋ ಆಡಿಕೊಳ್ಳುತ್ತಿರುತ್ತಿದ್ದವು.

ಹಂದನಕೆರೆಯ ಆಚೆ, ಬೋಳುಗುಡ್ಡವೊಂದರ ಬುಡದಲ್ಲಿ, ಬೆಂಗಳೂರಿನ ಒಂದು ಟ್ರಸ್ಟಿನವರು ಶಾಲೆಯ ಮಕ್ಕಳಿಗೆ ಅಡ್ವೆಂಚರ್ ಟ್ರೇನಿಂಗ್ ಕ್ಯಾಂಪ್ ನಡೆಸುತ್ತಿದ್ದರು. ಬಂಡೆ ಹತ್ತುವುದು, ಹಗ್ಗ ಹಿಡಿದು ಇಳಿಯುವ ರ‍್ಯಾಪೆಲಿಂಗು, ಟೆಂಟ್ ಹೊಡೆಯುವುದು, ಹಳ್ಳ ದಾಟುವುದು. ಹುಡುಗಿಯರ ಬ್ಯಾಚ್‌ಗೆ ಒಬ್ಬ ಲೇಡಿ ವಾರ್ಡನ್ ಬೇಕೆಂದು ತಿಳಿದು ಹೋದೆ. ಕ್ಯಾಂಪಿದ್ದ ತೋಟ ಮ್ಯಾನೇಜರ ಅಣ್ಣನದು, ಟ್ರಸ್ಟಿಗೆ ಗುತ್ತಿಗೆ ಕೊಟ್ಟಿದ್ದರು. ಮ್ಯಾನೇಜರಿಗೆ ಆಗ ಐವತ್ತರ ಆಸುಪಾಸು. ಸಣ್ಣ ಆಳು, ಖಾಕಿ ಚಡ್ಡಿ, ಮೊಣಕಾಲು ಎರಡೂ ಹಳೆಯ ಗಾಯದ ಕಲೆಗಳಿಂದ ಭೂಪಟದ ಹಾಗಿದ್ದವು. ನನ್ನ ಸರ್ಟಿಫಿಕೇಟುಗಳನ್ನು ಮುಟ್ಟಲೂ ಇಲ್ಲ.

"ಹಾವು ಕಂಡ್ರೆ ಕೂಗ್ತೀರಾ?" ಎಂದರು.

"ಖಂಡಿತ ಕೂಗ್ತೀನಿ."

"ಹಂಗಾದ್ರೆ ಸೋಮವಾರದಿಂದ ಬನ್ನಿ. ಕಂಡೂ ಸುಮ್ಕಿರೋರು ನಂಗೆ ಬೇಡ."

ತುರುವೇಕೆರೆ ಕಡೆಯ ತೋಟದ ಮನೆತನದವರು. ಯೌವನದಲ್ಲಿ ಯಾರದೋ ಮಾತು ಕೇಳಿ ಹಿಮಾಲಯಕ್ಕೆ ಹೋಗಿ ಪರ್ವತಾರೋಹಣದ ತರಬೇತಿ ಪಡೆದು ಬಂದಿದ್ದರು. ಹೊರಡುವಾಗ ಅವರ ತಾಯಿ ಒಂದು ಡಬ್ಬಿಯ ತುಂಬ ಕೊಬ್ಬರಿ ಬೆಲ್ಲ ಕಟ್ಟಿಕೊಟ್ಟಿದ್ದರಂತೆ. "ಹಿಮದಾಗೆ ಅದು ಕಬ್ಬಿಣ ಆಗೋಯ್ತು ಮಿಸ್. ಪಂಜಾಬಿನೋನೊಬ್ಬ ಕಚ್ಚಿ ಹಲ್ಲು ಕಳ್ಕೊಂಡ. ಅವನೀಗಲೂ ನಮ್ಮ ತಿಪಟೂರನ್ನ ಬೈಕೊಂಡು ತಿರುಗ್ತಿರಬೇಕು," ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು, ಪ್ರತಿ ಸಲವೂ ತಾವೇ ಮೊದಲು ನಗುತ್ತಿದ್ದರು.

ಹಗ್ಗವನ್ನು ಯಾರಾದರೂ ತುಳಿದರೆ ಮಾತ್ರ ನಗು ಆರಿಹೋಗುತ್ತಿತ್ತು. ಪುಸ್ತಕಕ್ಕೆ ಕಾಲು ತಗುಲಿದರೆ ಮಾಡುತ್ತೇವಲ್ಲ, ಹಾಗೆ ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಬೆಂಗಳೂರಿನ ಇಂಗ್ಲಿಷ್ ಶಾಲೆಯ ಹುಡುಗಿಯರು ಮೊದಲ ದಿನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೂರನೆಯ ದಿನಕ್ಕೆ ತಾವಾಗಿಯೇ ಬಗ್ಗುತ್ತಿದ್ದರು. ಮುದ್ದೆ ನುಂಗುವುದನ್ನು ಕಲಿಸಿದವರೂ ಅವರೇ. ಅಡುಗೆಯ ರಂಗಮ್ಮ ಮುದ್ದೆ ಬಡಿಸುತ್ತ, "ಅಗೀಬ್ಯಾಡ್ರವ್ವ, ಅದೇನ್ ಬಿಸ್ಕತ್ತಾ?" ಎಂದರೆ ಅವರು ತಾವೊಂದು ತುತ್ತು ಎಲ್ಲರೆದುರು ನುಂಗಿ, ಗಂಟಲು ತೋರಿಸಿ, "ನೋಡ್ರಮ್ಮ, ಇದೇ ಫಸ್ಟ್ ರ‍್ಯಾಪೆಲಿಂಗು" ಎನ್ನುತ್ತಿದ್ದರು.

ಕಿವಿ ಅವರ ಮನೆತನದ ಆಸ್ತಿ. ಅವರ ತಂದೆಯನ್ನು ಹುಳಿಯಾರಿನಿಂದ ದಬ್ಬೇಘಟ್ಟದವರೆಗೆ ತೋಟದವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ, ಮರ ಕೇಳಿ ಹೇಳಲಿಕ್ಕೆ. ತಂದೆ ಹೋದ ಮೇಲೆ ಕರೆ ಮಗನಿಗೆ ಬರತೊಡಗಿತು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಬ್ಯಾಚ್ ಇಲ್ಲದ ದಿನಗಳಲ್ಲಿ ಬಸ್ಸು ಹತ್ತಿ ಹೋಗಿ, ಬೆಳಗಿನಲ್ಲಿ ಮರ ಕೇಳಿ, ಕಾಫಿ ಕುಡಿದು ಬರುತ್ತಿದ್ದರು. ಅವರು "ಗಟ್ಟಿ" ಎಂದ ಮರದ ಕೆಳಗೆ ಜನ ಮಂಚ ಹಾಕಿಕೊಂಡು ಮಲಗುತ್ತಿದ್ದರು.

ನಾನು ಸೇರಿ ಕೆಲವು ಕಾಲವಾದ ಮೇಲೆ, ಎರಡು ವರ್ಷ, ಅವರು ಎಲ್ಲಿ ಹೋದರೂ "ಗಟ್ಟಿ" ಎಂದೇ ಹೇಳಿ ಬರುತ್ತಿದ್ದರು. ಬುಡದಲ್ಲಿ ಕಲ್ಲಿಟ್ಟದ್ದನ್ನು ನಾನು ನೋಡಲೇ ಇಲ್ಲ.

"ಈ ವರ್ಸ ಹುಳಕ್ಕೂ ಬರ ಬಂದೈತೆ ಬುಡಿ," ಎಂದು ರಂಗಮ್ಮ ಖುಷಿಪಟ್ಟಳು. "ಎಲ್ಲ ನಮ್ ಮೇಷ್ಟ್ರ ಕಾಲ್ಗುಣ."

ನಾನೂ ಹಾಗೆಯೇ ತಿಳಿದಿದ್ದೆ.

ಅದೇ ಸಮಯಕ್ಕೆ ಕ್ಯಾಂಪಿನಲ್ಲಿ ಅವರೊಂದು ಹೊಸ ಪದ್ಧತಿ ತಂದರು. ಮೊದಲು ಸೀಟಿ ಹೋಯಿತು, ಕೆಂಪು ಹಸಿರು ಬಾವುಟ ಬಂತು. ಆಮೇಲೆ ಬಾವುಟವೂ ಹೋಗಿ ಬರೀ ಕೈಸನ್ನೆ. ಎರಡು ಕೈ ಮೇಲೆ ಅಡ್ಡ ಹಿಡಿದರೆ ನಿಲ್ಲು, ಒಂದು ಕೈ ಬೀಸಿದರೆ ಹೊರಡು, ಎದೆ ಮುಟ್ಟಿಕೊಂಡರೆ ನನಗೆ ಸಹಾಯ ಬೇಕು. ಬಂಡೆಯ ಹತ್ತಿರ, ಹಗ್ಗದ ಹತ್ತಿರ ಯಾರೂ ಬಾಯಿ ಬಿಡಕೂಡದು. "ಕೂಗಾಡಿದ್ರೆ ಭಯ ಅಂಟುರೋಗದ ಹಂಗೆ ಹರಡುತ್ತೆ. ಕಣ್ಣು ನನ್ನ ಮೇಲಿಡಿ, ಸಾಕು," ಎನ್ನುತ್ತಿದ್ದರು. ಬೆಂಗಳೂರಿನಿಂದ ಟ್ರಸ್ಟಿನ ಸೆಕ್ರೆಟರಿ ಬಂದು ಇದನ್ನು ನೋಡಿ ಮರುಳಾದರು. "ವಂಡರ್‌ಫುಲ್! ದಿ ಸೈಲೆಂಟ್ ಕ್ಯಾಂಪ್! ದೇಶದಲ್ಲೇ ಇಲ್ಲ ಇದು," ಎಂದು ಮುಂದಿನ ಕರಪತ್ರದಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಹಾಕಿಸಿದರು.

ಹೌ ಶಲ್ ಐ ಪುಟ್ ಇಟ್, ಅಷ್ಟೊಂದು ಮಕ್ಕಳಿರುವ ಜಾಗದಲ್ಲಿ ಮಕ್ಕಳ ಸದ್ದಿಲ್ಲ ಎಂದರೆ ಅದೊಂದು ಬಗೆಯ ಭೀತಿ. ಗುಡ್ಡದ ಮೇಲಿಂದ ಸಾಲಾಗಿ ಹುಡುಗಿಯರು ಹಗ್ಗ ಹಿಡಿದು ಇಳಿಯುತ್ತಿದ್ದಾರೆ, ಬಂಡೆಗೆ ಬೂಟು ಉಜ್ಜುವುದು ಕೇಳುತ್ತದೆ, ಉಸಿರಾಟ ಕೇಳುತ್ತದೆ, ಮತ್ತೇನೂ ಇಲ್ಲ. ಕೆಳಗೆ ನಿಂತ ನನಗೆ ಯಾರೋ ಅವರ ಬಾಯಿಗಳನ್ನು ಹೊಲಿದುಬಿಟ್ಟಿದ್ದಾರೆ ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳ ಜಡೆ ಹಗ್ಗದ ಕೊಂಡಿಯೊಳಗೆ ಸಿಕ್ಕಿತು. ಬಂಡೆಯ ಅರ್ಧದಲ್ಲಿ ತಲೆ ಓರೆಯಾಗಿ ನೇತಾಡುತ್ತ ಅವಳು ಪದ್ಧತಿಯನ್ನೆಲ್ಲ ಮರೆತು ಕಿರುಚಿದಳು. ಅವರು ಅವಳ ಕೆಳಗೇ ಇದ್ದರು, ಅವಳಿಗೆ ಬೆನ್ನು ಮಾಡಿ ಇನ್ನೊಬ್ಬಳಿಗೆ ಗಂಟು ಹಾಕುವುದನ್ನು ತೋರಿಸುತ್ತಿದ್ದರು. ತೋರಿಸುತ್ತಲೇ ಇದ್ದರು. ನಾನು ಓಡಿಹೋಗಿ ಅವರ ತೋಳು ಹಿಡಿದು ಎಳೆಯಬೇಕಾಯಿತು. ಆಮೇಲೆ ಕ್ಷಣಮಾತ್ರದಲ್ಲಿ ಅಳಿಲಿನಂತೆ ಹತ್ತಿ, ಜಡೆ ಬಿಡಿಸಿ, ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದರು. "ಗಂಟು ಮುಗೀಲಿ ಅಂತಿದ್ದೆ ಮಿಸ್. ಅವಸರ ಮಾಡ್ಬಾರದು," ಎಂದರು. ಹುಡುಗಿಯರಿಗೆ ಅವರ ಧೈರ್ಯದ ಬಗ್ಗೆ ಇನ್ನಷ್ಟು ಅಭಿಮಾನವಾಯಿತು.

ನನಗೆ ಆಗ ನಮ್ಮ ಕಾನ್ವೆಂಟಿನ ಹೊಲಿಗೆಯ ಸಿಸ್ಟರ್ ನೆನಪಾದರು. ಮಾತಾಡುವವರ ತುಟಿಯನ್ನೇ ನೋಡುತ್ತ, ಎಲ್ಲದಕ್ಕೂ ಮಧುರವಾಗಿ ತಲೆಯಾಡಿಸುತ್ತಿದ್ದ ಮುದುಕಿ. ಅವರು ಬೋರ್ಡಿನ ಕಡೆ ತಿರುಗಿದೊಡನೆ ನಾವು ಬೇಕಾದ್ದು ಮಾತಾಡಿಕೊಳ್ಳುತ್ತಿದ್ದೆವು. ಆ ತಲೆಯಾಡಿಸುವ ರೀತಿ ನನಗೆ ಚೆನ್ನಾಗಿ ಗೊತ್ತು. ಕ್ಯಾಂಪಿನಲ್ಲಿ ಅದನ್ನು ನಾನು ದಿನಾ ನೋಡುತ್ತಿದ್ದೆ. ಮೊದಲು ಎಲ್ಲಿ ನೋಡಿದ್ದೆ ಎನ್ನುವುದು ಈಗ ಹೊಳೆಯಿತು.

ಅದಾದ ಮೇಲೆ ಎಲ್ಲವೂ ಕಾಣತೊಡಗಿತು. ರಂಗಮ್ಮ ಊಟಕ್ಕೆ ಕರೆದು ಕರೆದು ಕೊನೆಗೆ ಎದುರಿಗೆ ಹೋಗಿ ನಿಲ್ಲುವುದು. "ಮೇಷ್ಟ್ರು ಯೋಚ್ನೆ ಮಾಡ್ತಾ ಇದ್ರೆ ಆನೆ ಬಂದ್ರೂ ತಿರುಗಾಕಿಲ್ಲ ಕಣ್ರವ್ವ," ಎಂದು ಅವಳ ಸಮಾಧಾನ. ರಸ್ತೆಯಲ್ಲಿ ಹಿಂದಿನಿಂದ ಬಸ್ಸು ಹಾರನ್ ಮಾಡಿದರೂ ಅವರು ನಡುವೆಯೇ ನಡೆಯುವುದು. ಡ್ರೈವರ್ ತಲೆ ಹೊರಹಾಕಿ, "ಏನ್ ಸಾಮಿ, ರಸ್ತೆ ನಿಮ್ಮಪ್ಪಂದಾ?" ಎಂದಾಗ ತಿರುಗಿ ನೋಡಿ ಕೈಯೆತ್ತಿ ನಮಸ್ಕಾರ ಮಾಡುವುದು. ಮತ್ತು ಪ್ರತಿ ಬೆಳಿಗ್ಗೆ ಕೆನ್ನೆಯ ಮೇಲೆ ಗೆರೆಗಳು ಮೂಡುವಷ್ಟು ಮರವನ್ನು ಒತ್ತಿ ನಿಲ್ಲುವುದು. ನಾನು ಬಂದ ಹೊಸದರಲ್ಲಿ ಆ ಗೆರೆಗಳು ಇರಲಿಲ್ಲ. ಮೊದಲೆಲ್ಲ ಅವರು ಮರಕ್ಕೆ ಕಿವಿ ತಗುಲಿಸಿದರೆ ಸಾಕಾಗುತ್ತಿತ್ತು.

ಹಳ್ಳ ದಾಟುವ ಹಗ್ಗದ ಸೇತುವೆ ನಮ್ಮ ಕ್ಯಾಂಪಿನ ಹೆಮ್ಮೆ. ಕಾಲಿಗೆ ಒಂದು ಹಗ್ಗ, ಕೈಗೆ ಮೇಲೊಂದು ಹಗ್ಗ. ಈ ದಂಡೆಯಲ್ಲಿ ಎರಡನ್ನೂ ಬಂಡೆಗೆ ಬಿಗಿದಿತ್ತು. ಆ ದಂಡೆಯಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಎಳೆಯ ತೆಂಗಿನ ಮರಕ್ಕೆ. ಕಾಂಡ ನುಣುಪು, ಹಗ್ಗ ಜಾರುತ್ತದೆಂದು ಮ್ಯಾನೇಜರೇ ಅದಕ್ಕೆ ಕಬ್ಬಿಣದ ಕೊಕ್ಕೆಗಳನ್ನು ಹೊಡೆಸಿ, ಹಗ್ಗ ಸವೆಯದಿರಲೆಂದು ಸುತ್ತಲೂ ಗೋಣಿತಾಟು ಸುತ್ತಿಸಿದ್ದರು. ಕೆಳಗೆ ಹಳ್ಳ; ವರ್ಷದ ಬಹುಭಾಗ ನೀರಿಲ್ಲ, ಬರೀ ಕಲ್ಲು. ಹುಡುಗಿಯರ ಸೊಂಟದ ಹಗ್ಗವನ್ನು ಸಿಕ್ಕಿಸುತ್ತಿದ್ದುದು ಮೇಲಿನ ಹಗ್ಗಕ್ಕೇ. ಮರ ನಿಂತಿರುವವರೆಗೆ ಯಾರೂ ಬೀಳುವಂತಿರಲಿಲ್ಲ.

ಬೇಸಿಗೆಯ ಬ್ಯಾಚೊಂದರ ಕೊನೆಯ ದಿನ. ಸೆಕ್ರೆಟರಿ ಬಂದು ಕುರ್ಚಿಯಲ್ಲಿ ಕೂತಿದ್ದರು. ಸುತ್ತಲ ತೋಟದವರೂ ಮಕ್ಕಳ ಆಟ ನೋಡಲು ಬಂದಿದ್ದರು. ದಾಟಿದವರನ್ನು ಬರಮಾಡಿಕೊಳ್ಳಲು ಮ್ಯಾನೇಜರು, ನಾನು, ಇಬ್ಬರು ಹುಡುಗಿಯರು ಮೊದಲೇ ಹಳ್ಳ ಇಳಿದು ಆಚೆಗೆ ಹೋಗಿ ಮರದ ಹತ್ತಿರ ನಿಂತೆವು. ಗೋಣಿತಾಟಿನ ಮೇಲೆ ಒಂದು ಕಡೆ ಕಂದು ಬಣ್ಣದ ಕಲೆ ಇಳಿದಿತ್ತು, ಕಾಫಿ ಚೆಲ್ಲಿದ ಹಾಗೆ. ಮುಟ್ಟಿದೆ, ಅಂಟು. ಹಳಸಿದ ಹೆಂಡದ ವಾಸನೆ. ನನಗೆ ಏನನ್ನಿಸಿತೋ, ಅವರ ಹಾಗೆಯೇ ಅಂಗೈ ಊರಿ, ಬಾಯಿ ತೆರೆದು, ಕಿವಿ ಇಟ್ಟೆ.

ಪಕ್ಕದ ಕೋಣೆಯಲ್ಲಿ ಯಾರೋ ಒಬ್ಬರೇ ಕೂತು ನಿಧಾನವಾಗಿ ಹುರಿಗಡಲೆ ಅಗಿಯುತ್ತಿದ್ದ ಹಾಗೆ ಇತ್ತು. ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು. ಅವಸರವೇ ಇಲ್ಲ ಅದಕ್ಕೆ.

"ಸರ್, ಈ ಮರದೊಳಗೆ ಸದ್ದಿದೆ," ಎಂದೆ.

ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು. "ಬೆಳಿಗ್ಗೆ ಕೇಳಿದೀನಲ್ಲ ಮಿಸ್. ಗಟ್ಟಿ."

"ಇನ್ನೊಂದು ಸಲ ಕೇಳಿ. ಪ್ಲೀಸ್."

"ನಿಮ್ಮ ಕಾನ್ವೆಂಟ್‌ನಲ್ಲಿ ಪಿಯಾನೋ ಕಲಿಸ್ತಿದ್ರು ಅಂದಿದ್ರಿ. ಮರ ಕೇಳೋದನ್ನೂ ಕಲಿಸ್ತಿದ್ರಾ?" ಎಂದರು. ಪಕ್ಕದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆದರೂ ನನ್ನ ಮನಸ್ಸಿಗೆ ನೋವಾಗಬಾರದೆಂದು ಮರದ ಕಡೆ ತಿರುಗಿ ಕೆನ್ನೆ ಒತ್ತಿ ನಿಂತರು. ತಟ್ಟಿದರು. "ಗಟ್ಟಿ."

ಅವರ ಬೆನ್ನು ನನ್ನ ಕಡೆಗಿತ್ತು. ನಾನು ದನಿಯೇರಿಸದೆ, ಪಕ್ಕದವರಿಗೆ ಹೇಳುವಂತೆ ಹೇಳಿದೆ: "ಸರ್, ನಿಮ್ಮ ಕಾಲ ಹತ್ತಿರ ಹಾವು."

ಹುಡುಗಿಯರಿಬ್ಬರೂ ಚೀರಿ ಹಿಂದಕ್ಕೆ ಹಾರಿದರು. ಅವರು ಮರದ ಬೆನ್ನು ಸವರುತ್ತಲೇ ಇದ್ದರು. ಸವರಿ ಸವರಿ ನಿಧಾನಕ್ಕೆ ತಿರುಗಿ, ದೂರ ಹೋಗಿ ನಿಂತ ಹುಡುಗಿಯರ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಏನಂದ್ರಿ?"

"ಹಾವು ಅಂದೆ."

"ಎಲ್ಲಿ?"

"ಇಲ್ಲ ಸರ್. ಹಾವಿಲ್ಲ."

ಒಬ್ಬ ಮನುಷ್ಯನ ಮುಖದಿಂದ ರಕ್ತ ಇಳಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಅವರು ಏನೋ ಹೇಳಲು ಹೊರಟವರು ನಿಂತರು, ಏಕೆಂದರೆ ಮರದ ಮೇಲೆ ಹಗ್ಗ ಬಿಗಿಯಿತು. ಬಂಡೆಯಿದ್ದ ದಂಡೆಯಲ್ಲಿ ಮೊದಲ ಹುಡುಗಿ ಸೊಂಟದ ಕೊಂಡಿ ಸಿಕ್ಕಿಸಿಕೊಂಡು ಹೆಜ್ಜೆ ಇಟ್ಟಾಗಿತ್ತು.

ಅವರು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದರು. ನಿಲ್ಲು. ಹುಡುಗಿ ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಹೆಜ್ಜೆ. ಗೋಣಿತಾಟಿನ ಕೆಳಗಿಂದ ಕಂದು ರಸ ಒಸರಿ ಒಂದು ಗೆರೆಯಾಗಿ ಇಳಿಯಿತು. ಅವರು ಕೈಗಳನ್ನು ಇನ್ನೂ ಮೇಲೆತ್ತಿ ಆಡಿಸಿದರು, ನೀರಿನಲ್ಲಿ ಮುಳುಗುವವರ ಹಾಗೆ. ಅವಳು ನೋಡಲಿಲ್ಲ. ನೋಡುತ್ತಿದ್ದವರು ಉಳಿದ ಹುಡುಗಿಯರು; ಆದರೆ ಹಗ್ಗದ ಹತ್ತಿರ ಬಾಯಿ ಬಿಡಕೂಡದೆಂದು ಕಲಿತಿದ್ದ ಅವರೆಲ್ಲ ಕಲ್ಲಿನಂತೆ ನಿಂತಿದ್ದರು. ನನ್ನ ಗಂಟಲಿನಿಂದ ಸದ್ದು ಹೊರಡುವ ಮೊದಲೇ ಅವರು ಕೂಗಿದರು.

"ನಿಲ್ಲೂ! ಅಲ್ಲೇ ನಿಲ್ಲವ್ವಾ!"

ಎಷ್ಟು ಜೋರು ಎಂದು ತಿಳಿಯದವರ ದನಿ ಅದು, ಒಡಕು. ಗುಡ್ಡಕ್ಕೆ ತಾಗಿ ಮತ್ತೆ ಬಂತು. ಹುಡುಗಿ ಬೆಚ್ಚಿ ಹಗ್ಗಕ್ಕೆ ಜೋತುಬಿದ್ದಳು. ಅವರು ಹಿಂದಕ್ಕೆ ತಿರುಗಿ ಮರವನ್ನು ಎರಡು ತೋಳುಗಳಿಂದ ಅಪ್ಪಿ ಹಿಡಿದರು, ಬೀಳುವ ಮರವನ್ನು ಹಾಗೆ ತಡೆಯಬಹುದೇನೋ ಎಂಬಂತೆ. "ಹಿಂದಕ್ಕೆ ಹೋಗು ಅನ್ನಿ ಮಿಸ್. ಒಂದೊಂದೇ ಹೆಜ್ಜೆ. ನೀವು ಹೇಳಿ, ಅವಳೇನಂತಾಳೆ ನಂಗೆ ಕೇಳ್ಸಲ್ಲ," ಎಂದರು.

ನಂಗೆ ಕೇಳಿಸಲ್ಲ. ಆ ಮಾತನ್ನು ಅವರು ಮೊದಲ ಸಲ ಆಡಿದ್ದು ಆಗ.

ನಾನು ಹೇಳಿದೆ. ಅವಳು ಅಳುತ್ತ ಹಿಂದಕ್ಕೆ ಸರಿದಳು. ಬಂಡೆಗೆ ಅವಳ ಕಾಲು ತಗುಲುವವರೆಗೂ ಅವರು ಮರ ಬಿಡಲಿಲ್ಲ.

ಸೆಕ್ರೆಟರಿ ಎದ್ದು ಆಚೆಯಿಂದ ಕೂಗುತ್ತಿದ್ದರು: "ಏನ್ರೀ ಮ್ಯಾನೇಜರ್, ಪ್ರೋಗ್ರಾಂ ಏನಾಯ್ತು?" ಇವರಿಗೆ ಅದೂ ಕೇಳಿಸಲಿಲ್ಲ. ಹಗ್ಗ ಬಿಚ್ಚಿಸಿ, ತೋಟದ ಆಳುಗಳಿಗೆ ಕೊಡಲಿ ತರಲು ಹೇಳಿದರು. ಬಂದಿದ್ದ ಜನರಲ್ಲಿ ಗುಜುಗುಜು ಎದ್ದಿತು. ಫಲ ಕೊಡುವ ತೆಂಗನ್ನು ಕಡಿಯುವುದೆಂದರೆ ಆ ಸೀಮೆಯಲ್ಲಿ ಬೆಳೆದ ಮಗನನ್ನು ಕೊಂದ ಹಾಗೆ. ಒಳಗೆ ಹುಳವಿಲ್ಲದಿದ್ದರೆ ಆ ಪಾಪ ಅವರ ತಲೆಗೆ. ಇದ್ದರೆ, ಅದೇ ಮರ ತಟ್ಟಿ ಗಟ್ಟಿ ಎಂದವರು ಅವರೇ. ಯಾವುದಾದರೂ ಅವರಿಗೆ ಉಳಿಗಾಲವಿರಲಿಲ್ಲ. ಬೇಡವೆಂದಿದ್ದರೆ ಹಗ್ಗ ಬೇರೆ ಕಡೆಗೆ ಕಟ್ಟಿ ಮರವನ್ನು ಹಾಗೆಯೇ ಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಕೊಡಲಿ ಬಿದ್ದ ಮೊದಲ ಏಟಿಗೇ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರ ಹಳ್ಳದ ಕಡೆಗೆ, ಹಗ್ಗವಿದ್ದ ದಿಕ್ಕಿಗೇ ಬಿತ್ತು. ಕೊಕ್ಕೆ ಹೊಡೆದಿದ್ದ ಕಡೆ ಕಾಂಡ ತಾನಾಗಿಯೇ ಬಾಯಿ ಬಿಟ್ಟಿತು. ಒಳಗೆ ನೆನೆದ ತೌಡಿನಂಥ ಕೊಳೆ, ಅದರೊಳಗೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಬೆಳಕಿಗೆ ಹೊರಳುತ್ತಿದ್ದವು. ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಳು.

ಅವರು ಬಗ್ಗಿ ಒಂದು ಹುಳವನ್ನು ಅಂಗೈಯಲ್ಲಿ ಎತ್ತಿಕೊಂಡು ಜನರೆದುರು ಹಿಡಿದರು. "ಈ ಮರಕ್ಕೆ ಕೊಕ್ಕೆ ಹೊಡೆಸಿ ಗಾಯ ಮಾಡ್ದೋನು ನಾನು. ಗಟ್ಟಿ ಅಂದೋನೂ ನಾನೇ. ನಂಗೆ ಕಿವಿ ಹೋಗೈತೆ ಕಣ್ರಪ್ಪ. ಎರಡು ವರ್ಸದಿಂದ," ಎಂದರು. ಆಮೇಲೆ ಅವರ ದನಿ ಇಳಿಯಿತು. "ಈ ಎರಡು ವರ್ಸದಲ್ಲಿ ನಾನು ಗಟ್ಟಿ ಅಂದ ಮರ ಎಷ್ಟವೆ ಅಂತ ನಂಗೇ ಗೊತ್ತಿಲ್ಲ."

ಅಷ್ಟರವರೆಗೆ ನಾನು ಆ ಒಂದು ಮರದ ಬಗ್ಗೆ ಮಾತ್ರ ಯೋಚಿಸಿದ್ದೆ. ಅವರು ಹಾಗೆಂದ ಮೇಲೆ ತಲೆಯೆತ್ತಿ ಸುತ್ತ ನೋಡಿದೆ. ದಿಗಂತದವರೆಗೆ ತೋಟಗಳು. ಅದರಲ್ಲಿ ಯಾವ್ಯಾವುದರ ಕೆಳಗೆ ಯಾರು ಮಂಚ ಹಾಕಿಕೊಂಡಿದ್ದಾರೋ.

ಮರುದಿನದಿಂದ ಅವರು ತಾವು ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋದರು. ಜೊತೆಗೆ ನನ್ನನ್ನು ಕರೆದುಕೊಂಡರು, ಕಿವಿಯಾಗಿ. ನಮ್ಮವರು, "ನೀನು ದನದ ಡಾಕ್ಟರ ಹೆಂಡತಿಯೋ ಮರದ ಡಾಕ್ಟರೋ?" ಎಂದು ನಕ್ಕರೂ ತಡೆಯಲಿಲ್ಲ. ಹೋದಲ್ಲೆಲ್ಲ ಅವರದು ಒಂದೇ ಮಾತು: ನನ್ನ ಮಾತು ವಾಪಸು ತಗೊಂಡಿದೀನಿ, ಮರ ಇನ್ನೊಂದ್ಸಲ ನೋಡ್ಕಳ್ಳಿ. ಕೆಂಕೆರೆಯಲ್ಲಿ ಒಬ್ಬ ಬೈದ. ಒಬ್ಬ ನಕ್ಕ. ಹಲವರು ಒಪ್ಪಿ ಮರ ನೋಡಿಸಿಕೊಂಡರು. ನಾವು ಎದುರಿಸಲಾರದೆ ಹೋದದ್ದು ನಂಬಿಕೆಯನ್ನು.

ದಬ್ಬೇಘಟ್ಟದ ಹತ್ತಿರದ ಆ ಮನೆ ಈಗಲೂ ಕಣ್ಣ ಮುಂದಿದೆ. ಅಂಗಳದಲ್ಲೇ ಮರ. ಮರದಡಿ ಹಗ್ಗದ ಮಂಚ, ಮಂಚದ ಮೇಲೆ ಎಳೆಮಗು. ಮನೆಯ ಯಜಮಾನ ಮುದುಕ ಮ್ಯಾನೇಜರನ್ನು ಕಂಡೊಡನೆ ಟವಲ್ಲಿನಿಂದ ಜಗುಲಿ ಒರೆಸಿ ಕೂರಿಸಿದ. ಮಗ ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದ. ನಾನು ಮರಕ್ಕೆ ಕಿವಿಯಿಟ್ಟೆ. ಅದೇ ಸದ್ದು, ಅದೇ ನಿಧಾನ. ಅವರ ಕಡೆ ನೋಡಿ ತಲೆಯಾಡಿಸಿದೆ.

"ಇದನ್ನ ಕಡೀಬೇಕು ಗೌಡ್ರೇ," ಎಂದರು.

"ಹೋದ ವರ್ಸ ನೀವೇ ಗಟ್ಟಿ ಅಂದಿದ್ರಲ್ಲ?"

"ಅದು ತಪ್ಪಾಗೈತೆ. ನಂಗೆ ಕಿವಿ ಕೇಳ್ಸಾಕಿಲ್ಲ."

ಮುದುಕ ಬಾಯಿ ತುಂಬ ನಕ್ಕ. "ಬುಡಿ ಸಾಮಿ, ನಿಮ್ ಕಿವಿಗೆ ಸುಳ್ಳಾಡಾಕೆ ಬರಾಕಿಲ್ಲ. ನಿಮ್ಮಪ್ಪಾರನ್ನೂ ಕಂಡಿದೀನಿ, ನಿಮ್ಮನ್ನೂ ಕಂಡಿದೀನಿ. ನಮ್ಮವ್ವ ಸತ್ತ ವರ್ಸ ನೆಟ್ಟ ಗಿಡ ಇದು. ಕಾಯಿ ನೋಡಿ, ಹೆಂಗವೆ!"

"ಈಯಮ್ಮ ಈಗ ಕೇಳಿದ್ರಲ್ಲ. ಒಳಗೆ ಸದ್ದೈತಂತೆ."

"ಅದು ಗರಿ ಸದ್ದು. ಪಾಪ, ಪ್ಯಾಟೆ ಅಮ್ಮಾವ್ರು, ಅವರಿಗೇನ್ ಗೊತ್ತು." ತಾನೂ ಎದ್ದು ಮರಕ್ಕೆ ತಲೆ ತಗುಲಿಸಿ, "ನಂಗೇನೂ ಇಲ್ವಲ್ಲ!" ಎಂದ. ಅವನಿಗೆ ಎಪ್ಪತ್ತು ದಾಟಿತ್ತು, ಕಿವಿ ಅವನದೂ ಮಂದ.

ಮ್ಯಾನೇಜರು ಕೈ ಮುಗಿದರು. ಅಷ್ಟು ಜನ ಹುಡುಗಿಯರ ಎದುರು ಎಂದೂ ಬಗ್ಗದ ಮನುಷ್ಯ, ಆ ಅಂಗಳದಲ್ಲಿ ನಿಂತು ಅಂಗಲಾಚಿದರು. "ಕಡೀಬ್ಯಾಡಿ, ಬುಡಿ. ಮಗೀನಾದ್ರೂ ಒಳಗೆ ಮಲಗಿಸ್ಕಳ್ಳಿ." ಮುದುಕ ಅವರ ಕೈಗಳನ್ನು ಹಿಡಿದು ಇಳಿಸಿ, "ಇದೇನ್ ಸಾಮಿ, ನನ್ ಮುಂದೆ ನೀವು ಕೈ ಮುಗಿಯೋದಾ? ನೀವಂದ ಮಾತು ನಮಗೆ ಶಾಸನ," ಎಂದ. ಹೋದ ವರ್ಷದ ಮಾತು ಎಂದು ಅವನ ಅರ್ಥ.

ಸೊಸೆ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದಳು. ನಾವು ಕಾಫಿ ಕುಡಿಯುವಾಗ ಅವಳು ಮರದ ಹತ್ತಿರ ಹೋಗಿ, ಸೆರಗು ಸರಿಸಿ, ಕಿವಿಯಿಟ್ಟಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮರ ಮುಂಗಾರಿನ ಮೊದಲ ಬಿರುಗಾಳಿಗೆ ಬಿತ್ತು. ಮಂಚದ ಮೇಲೇ ಬಿತ್ತಂತೆ, ಮಂಚ ಖಾಲಿಯಿತ್ತು. ಊರವರು ಅದಕ್ಕೆ ಕೊಟ್ಟ ಅರ್ಥ ಕೇಳಿ ಅವರು ಎರಡು ದಿನ ಊಟ ಮಾಡಲಿಲ್ಲ. "ಮೇಷ್ಟ್ರು ಒಂದ್ಸಲ ಕಾಲಿಟ್ಟು ಹೋದ್ರು, ಮಗು ಉಳೀತು," ಎಂದರಂತೆ. ಇನ್ನಷ್ಟು ಮನೆಗಳಿಂದ ಕರೆ ಬರತೊಡಗಿತು. ಆ ವರ್ಷದ ಕೊನೆಗೆ ಅವರು ಕ್ಯಾಂಪು ಬಿಟ್ಟು ತಿಪಟೂರಿಗೆ, ತಮ್ಮನ ಮನೆಗೆ, ಹೋಗಿಬಿಟ್ಟರು. ಪೇಟೆಯೊಳಗಿನ ಆ ಮನೆಯ ಸುತ್ತಮುತ್ತ ಮರಗಳಿಲ್ಲ ಎಂಬುದೇ ಕಾರಣ ಎಂದು ನನಗನ್ನಿಸಿತು.

ಆದರೆ ಅವರೆಂದರೆ ನನಗೆ ಕಾಣುವುದು ಆ ದಿನ ದಬ್ಬೇಘಟ್ಟದಿಂದ ಹಿಂದಿರುಗುವ ಬಸ್ಸು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಮುದುಕ ಅದೇ ಮರದ ಎರಡು ಕಾಯಿಗಳನ್ನು ಸಿಪ್ಪೆಯ ನಾರಿನಿಂದಲೇ ಜೋಡಿ ಗಂಟು ಹಾಕಿ ಅವರ ಹೆಗಲಿಗೆ ಹಾಕಿದ್ದ. ಬೇಡವೆನ್ನಲು ಆಗಲಿಲ್ಲ. ಬಸ್ಸಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಿದ್ದವರು, ಒಂದು ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿದರು. ಕಾಯಿ ಕೈಗೆ ಬಂದರೆ ಆ ಸೀಮೆಯಲ್ಲಿ ಯಾರಾದರೂ ಮಾಡುವುದೇ ಅದು, ಒಳಗೆ ನೀರಿದೆಯೋ ಇಂಗಿದೆಯೋ ಎಂದು. ಇನ್ನೊಮ್ಮೆ ಕುಲುಕಿದರು. ಆಮೇಲೆ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಕುಲುಕಿದರು.

"ಇದೆಯಾ ಮಿಸ್?"

ಒಳಗೆ ತುಂಬಿದ ಕೊಡದ ಹಾಗೆ ತುಳುಕುತ್ತಿತ್ತು.

"ಇದೆ ಸರ್," ಎಂದೆ.

ಅವರು ನನ್ನ ತುಟಿ ನೋಡಿ ತಿಳಿದುಕೊಂಡು, ಕಾಯಿಯನ್ನು ಮತ್ತೆ ಮಡಿಲಿಗಿಳಿಸಿ, ತಿಪಟೂರಿನವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲ.